ಮೆಣಸು: ಕಾಳಿನಿಂದ ಕಾಯಿಗೆ ದಾಟಿದ ಹೆಸರು

ಕಿರಾಣಿ ಅಂಗಡಿಗೆ ಹೋಗಿ ‘ನೂರು ಗ್ರಾಂ ಮೆಣಸು ಕೊಡಿ’ ಎಂದರೆ ಪೊಟ್ಟಣಕ್ಕೆ ಏನು ಬೀಳುತ್ತದೆ? ಅದು ಅಂಗಡಿ ಯಾವ ಊರಿನದು ಎಂಬುದರ ಮೇಲೆ ನಿಂತಿದೆ. ಮೈಸೂರು, ಮಂಡ್ಯ, ತುಮಕೂರಿನ ಕಡೆಯಾದರೆ ಕಪ್ಪು ಕಾಳು. ಕುಂದಾಪುರ, ಉಡುಪಿ, ಪುತ್ತೂರಿನ ಕಡೆಯಾದರೆ ಕೆಂಪು ಒಣಕಾಯಿ. ಕರಾವಳಿ, ಮಲೆನಾಡಿನವರಿಗೆ ಕಪ್ಪು ಕಾಳೇ ಬೇಕಿದ್ದರೆ ‘ಕಾಳುಮೆಣಸು’ ಎಂದೋ ‘ಒಳ್ಳೆಮೆಣಸು’ ಎಂದೋ ಬಿಡಿಸಿ ಹೇಳಬೇಕು. ದಕ್ಷಿಣ ಕನ್ನಡದ ಹವ್ಯಕರ ಮನೆಗಳಲ್ಲಿ ಅದಕ್ಕೆ ‘ಗೆಣಮೆಣಸು’ ಎನ್ನುತ್ತಾರೆ. ತುಳುವರಿಗೆ ಅದು ‘ಎಡ್ಡೆ ಮುಂಚಿ’. ಎಡ್ಡೆ ಎಂದರೆ ಒಳ್ಳೆಯದು. ಬರೀ ಮುಂಚಿ ಎಂದರೆ ಇಂದಿನ ಬಳಕೆಯಲ್ಲಿ ಮೆಣಸಿನಕಾಯಿ.

ಹೀಗೆ ಒಂದೇ ಹೆಸರನ್ನು ಹಂಚಿಕೊಂಡಿರುವ ಈ ಎರಡು ಪದಾರ್ಥಗಳಿಗೆ ಸಸ್ಯಲೋಕದಲ್ಲಿ ನಂಟೇ ಇಲ್ಲ. ಕಾಳುಮೆಣಸು ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ಹುಟ್ಟಿದ ಬಳ್ಳಿ; ವೀಳ್ಯದೆಲೆಗೆ, ಹಿಪ್ಪಲಿಗೆ ಹತ್ತಿರದ ಸಂಬಂಧಿ. ಮೆಣಸಿನಕಾಯಿ ಬದನೆ, ಟೊಮೆಟೊ, ಆಲೂಗಡ್ಡೆಯ ಕುಲದ್ದು. ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಒಂದರ ಖಾರಕ್ಕೆ ಪೈಪರೀನ್ ಕಾರಣ, ಇನ್ನೊಂದರ ಖಾರಕ್ಕೆ ಕ್ಯಾಪ್ಸೈಸಿನ್. ಸುಮಾರು ಐನೂರು ವರ್ಷಗಳ ಹಿಂದಿನವರೆಗೆ ಇವೆರಡೂ ಪರಸ್ಪರ ಮುಖವನ್ನೇ ನೋಡಿರಲಿಲ್ಲ. ಆದರೂ ಇಂದು ಒಂದರ ಹೆಸರಿನ ಹೊಟ್ಟೆಯೊಳಗೆ ಇನ್ನೊಂದರ ಹೆಸರು ಕೂತಿದೆ. ಅದು ಹೇಗಾಯಿತು ಎಂದು ಹುಡುಕುತ್ತ ಹೋದರೆ ಕಡಲ ವ್ಯಾಪಾರ, ರಾಜ್ಯಗಳ ಏಳುಬೀಳು, ರೈತನ ಹೊಲ, ಬಾಣಂತಿಯ ಪಥ್ಯ, ತಿಥಿಯ ಎಲೆ ಎಲ್ಲವೂ ಒಂದು ಪದದ ಸುತ್ತ ಬಂದು ಸೇರುತ್ತವೆ. ಅಡುಗೆಮನೆಯ ಮಾತು ಇತಿಹಾಸದ ದಾಖಲೆಯೂ ಹೌದು ಎಂಬುದಕ್ಕೆ ಮೆಣಸಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಬೇರು ದಕ್ಷಿಣದ್ದು

ಮೆಣಸು ಅಚ್ಚ ದ್ರಾವಿಡ ಪದ. ತಮಿಳಿನ ‘ಮಿಳಗು’, ಮಲಯಾಳದ ‘ಮುಳಗು’, ತೆಲುಗಿನ ‘ಮಿರಿಯಾಲು’ ಇದರ ಒಡಹುಟ್ಟುಗಳು. ಬರೋ ಮತ್ತು ಎಮೆನೋ ಸಿದ್ಧಪಡಿಸಿದ ದ್ರಾವಿಡ ಭಾಷೆಗಳ ಪದಮೂಲ ನಿಘಂಟು ಇವನ್ನು ಒಂದೇ ಕುಟುಂಬವಾಗಿ ನೋಡುತ್ತದೆ. ಬಳ್ಳಿ ಹುಟ್ಟಿದ ನೆಲದ ಸುತ್ತಲಿನ ಭಾಷೆಗಳೆಲ್ಲ ಒಂದೇ ಬೇರಿನ ಹೆಸರನ್ನು ಇಟ್ಟುಕೊಂಡಿವೆ ಎಂದರೆ, ಈ ಜನಕ್ಕೂ ಆ ಕಾಳಿಗೂ ಇರುವ ಪರಿಚಯ ಎಷ್ಟು ಹಳೆಯದೆಂದು ಊಹಿಸಬಹುದು.

ಸಂಸ್ಕೃತದಲ್ಲಿ ಕಾಳುಮೆಣಸು ‘ಮರೀಚ’. ಹಿಂದಿಯ ‘ಮಿರ್ಚ್’, ಮರಾಠಿಯ ‘ಮಿರೇ’, ಕೊಂಕಣಿಯ ‘ಮಿರಿ’ ಅದರ ಸಾಲಿನವು. ಮರೀಚದ ಮೂಲ ಯಾವುದೆಂಬ ಬಗ್ಗೆ ಭಾಷಾಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ಬಳ್ಳಿಯಂತೆ ಪದವೂ ದಕ್ಷಿಣದಿಂದ ಮೇಲಕ್ಕೆ ಹೋಗಿರಬಹುದೆಂಬ ವಾದವಿದೆ. ಸಂಸ್ಕೃತದಲ್ಲಿ ಮೆಣಸಿಗೆ ಇನ್ನೊಂದು ಹೆಸರೂ ಇದೆ: ‘ಯವನಪ್ರಿಯ’. ಯವನರಿಗೆ, ಅಂದರೆ ಪಶ್ಚಿಮದ ಗ್ರೀಕ್–ರೋಮನ್ ವರ್ತಕರಿಗೆ ಪ್ರಿಯವಾದದ್ದು. ವ್ಯಾಪಾರದ ಒಂದು ಇಡೀ ಯುಗವನ್ನು ಐದಕ್ಷರದಲ್ಲಿ ಹಿಡಿದಿಟ್ಟ ಹೆಸರಿದು. ಯವನರ ಹಡಗುಗಳು ಹೊನ್ನು ತಂದು ಮೆಣಸು ಒಯ್ಯುತ್ತಿದ್ದ ಚಿತ್ರ ತಮಿಳಿನ ಸಂಗಂ ಕಾವ್ಯ ‘ಅಗನಾನೂರಿ’ನಲ್ಲಿ ಬರುತ್ತದೆ. ಅದೇ ವ್ಯಾಪಾರವನ್ನು ಆಚೆ ದಡದಿಂದ ಕಂಡ ರೋಮಿನ ಪ್ಲಿನಿ, ಹುಟ್ಟಿದ ನೆಲದಲ್ಲಿ ತಾನಾಗಿ ಬೆಳೆಯುವ ಈ ವಸ್ತುವನ್ನು ನಮ್ಮಲ್ಲಿ ಬೆಳ್ಳಿಬಂಗಾರದಂತೆ ತೂಗಿ ಕೊಳ್ಳುತ್ತಾರಲ್ಲ ಎಂದು 1ನೇ ಶತಮಾನದಲ್ಲೇ ಬೇಸರಪಟ್ಟಿದ್ದ. 408ರಲ್ಲಿ ರೋಮ್ ನಗರಕ್ಕೆ ಮುತ್ತಿಗೆ ಹಾಕಿದ ಅಲಾರಿಕ್ ಕೇಳಿದ ಕಪ್ಪದಲ್ಲಿ ಚಿನ್ನ, ಬೆಳ್ಳಿ, ರೇಷ್ಮೆಯ ಜೊತೆಗೆ ಮೂರು ಸಾವಿರ ಪೌಂಡು ಮೆಣಸೂ ಸೇರಿತ್ತು. ಇನ್ನೂ ಹಿಂದಕ್ಕೆ ಹೋದರೆ, ಕ್ರಿಸ್ತಪೂರ್ವ 13ನೇ ಶತಮಾನದಲ್ಲಿ ತೀರಿಕೊಂಡ ಈಜಿಪ್ಟಿನ ಎರಡನೇ ರಾಮ್ಸೆಸ್‌ನ ಶವದ ಮೂಗಿನ ಹೊಳ್ಳೆಗಳಲ್ಲಿ ಮೆಣಸಿನ ಕಾಳುಗಳು ಸಿಕ್ಕಿವೆ.

ಹಿಪ್ಪಲಿ ಪೆಪ್ಪರ್ ಆದದ್ದು

ಇಲ್ಲೊಂದು ಸ್ವಾರಸ್ಯವಿದೆ. ಪಶ್ಚಿಮದವರು ನಮ್ಮ ಕಾಳನ್ನು ಒಯ್ದರು, ಆದರೆ ಅದರ ಹೆಸರನ್ನು ಒಯ್ಯಲಿಲ್ಲ. ಅವರಿಗೆ ಮೊದಲು ಪರಿಚಯವಾಗಿದ್ದದ್ದು ಹಿಪ್ಪಲಿ. ಸಂಸ್ಕೃತದಲ್ಲಿ ಅದು ‘ಪಿಪ್ಪಲಿ’. ಆ ಹೆಸರು ಪರ್ಷಿಯಾದ ದಾರಿಯಲ್ಲಿ ಹೋಗಿ ಗ್ರೀಕರಲ್ಲಿ ‘ಪೆಪೆರಿ’, ಲ್ಯಾಟಿನ್ನಿನಲ್ಲಿ ‘ಪಿಪೆರ್’, ಇಂಗ್ಲಿಷಿನಲ್ಲಿ ‘ಪೆಪ್ಪರ್’ ಆಯಿತು. ಅರಬ್ಬರ ‘ಫಿಲ್‌ಫಿಲ್’ ಕೂಡ ಅದೇ ಪಿಪ್ಪಲಿಯ ಕುಡಿ. ಹಿಪ್ಪಲಿ ಮತ್ತು ಕಾಳುಮೆಣಸು ಎರಡೂ ಕಡಲಾಚೆ ತಲುಪಿದಾಗ, ಮೊದಲು ಬಂದದ್ದರ ಹೆಸರು ಆಮೇಲೆ ಬಂದದ್ದಕ್ಕೂ ಅಂಟಿಕೊಂಡಿತು. ಕೊನೆಗೆ ಹಿಪ್ಪಲಿ ಮರೆತುಹೋಗಿ ಹೆಸರು ಕಾಳುಮೆಣಸಿನ ಪಾಲಾಯಿತು.

ಕನ್ನಡದಲ್ಲಿ ಅದೇ ಪಿಪ್ಪಲಿ ಬೇರೆ ದಾರಿ ಹಿಡಿಯಿತು. ‘ಪಾಲು’ ಹಾಲಾದಂತೆ, ‘ಪೂ’ ಹೂವಾದಂತೆ, ‘ಪಿಪ್ಪಲಿ’ ಹಿಪ್ಪಲಿಯಾಯಿತು. ಹೀಗಾಗಿ ನಾಟಿವೈದ್ಯರ ಚೀಲದಲ್ಲಿರುವ ಹಿಪ್ಪಲಿಯೂ ಹೋಟೆಲಿನ ಮೇಜಿನ ಮೇಲಿನ ಪೆಪ್ಪರ್ ಡಬ್ಬಿಯೂ ಹೆಸರಿನ ಲೆಕ್ಕದಲ್ಲಿ ಒಂದೇ ತಾಯಿಯ ಮಕ್ಕಳು. ಆಯುರ್ವೇದದಲ್ಲಿ ಶುಂಠಿ, ಮೆಣಸು, ಹಿಪ್ಪಲಿ ಮೂರೂ ಸೇರಿದರೆ ‘ತ್ರಿಕಟು’. ನೆಗಡಿ, ಕೆಮ್ಮು, ಅಜೀರ್ಣಕ್ಕೆ ಮನೆಯಲ್ಲಿ ಮಾಡುವ ಕಷಾಯದ ಅಡಿಪಾಯ ಅದೇ. ಈ ಮೂರೂ ಇಲ್ಲಿ ಬಹು ಹಿಂದಿನಿಂದ ಇದ್ದವೇ ಎಂಬುದನ್ನು ನೆನಪಿಡಬೇಕು. ಮೆಣಸಿನಕಾಯಿ ಬರುವ ಮುಂಚೆ ನಮ್ಮ ನಾಲಿಗೆಗೆ ಖಾರ ಕೊಡುತ್ತಿದ್ದ ಮೂಲಗಳು ಮುಖ್ಯವಾಗಿ ಇವು, ಜೊತೆಗೆ ಸಾಸಿವೆ.

ಹಳೆಯ ಅಡುಗೆಯ ಗ್ರಂಥಗಳು ಇದನ್ನೇ ಹೇಳುತ್ತವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಊಟದ ವಿವರಗಳಿವೆ. ಇಡ್ಲಿಯ ಪೂರ್ವಜ ಎನ್ನಬಹುದಾದ ‘ಇಡ್ಡರಿಕೆ’ಗೆ ಅಲ್ಲಿ ಸೇರಿಸುವುದು ಮೆಣಸಿನ ಪುಡಿ, ಜೀರಿಗೆ, ಇಂಗು. ಕನ್ನಡದಲ್ಲಿ ಮೂರನೇ ಮಂಗರಸ 16ನೇ ಶತಮಾನದ ಮೊದಲ ದಶಕದಲ್ಲಿ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ ಪೂರ್ತಿ ಪಾಕಕ್ಕೇ ಮೀಸಲಾದ ಕೃತಿ. ಮೆಣಸಿನಕಾಯಿ ಕರ್ನಾಟಕದ ಒಲೆಯ ಹತ್ತಿರ ಸುಳಿಯುವ ಮುಂಚಿನ ಅಡುಗೆಯ ಕೊನೆಯ ದೊಡ್ಡ ಚಿತ್ರ ಅದು ಎನ್ನಬಹುದು.

ಕಾಳಿಗಾಗಿ ಕಡಲು ದಾಟಿದವರು

1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಯ ಹತ್ತಿರ ಇಳಿದದ್ದೇ ಮೆಣಸಿಗಾಗಿ. 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿತು. ಅಲ್ಲಿಂದ ಮುಂದೆ ಕನ್ನಡ ಕರಾವಳಿಯ ಹೊನ್ನಾವರ, ಭಟ್ಕಳ, ಬಸ್ರೂರು, ಮಂಗಳೂರು ಬಂದರುಗಳ ಮೇಲೆ ಅವರ ಕಣ್ಣು. ಶರಾವತಿಯ ದಡದ ಗೇರುಸೊಪ್ಪೆಯನ್ನು 16ನೇ ಶತಮಾನದ ಉತ್ತರಾರ್ಧದಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಅವರು ‘ರೈನಾ ದ ಪಿಮೆಂಟಾ’ ಎಂದು ಕರೆದರು, ಮೆಣಸಿನ ರಾಣಿ. ಘಟ್ಟದ ಮೆಣಸು ಆಕೆಯ ನಾಡಿನ ಮೂಲಕವೇ ಕಡಲಿಗೆ ಇಳಿಯಬೇಕಿತ್ತು. ಆ ಮೇಲೆ ಗೇರುಸೊಪ್ಪೆ ಕೆಳದಿಯ ವೆಂಕಟಪ್ಪನಾಯಕನ ವಶವಾಯಿತು. 1623ರಲ್ಲಿ ಪೋರ್ಚುಗೀಸ್ ನಿಯೋಗ ಅವನ ರಾಜಧಾನಿ ಇಕ್ಕೇರಿಗೆ ಬಂದಾಗ ಅದರ ಜೊತೆ ಬಂದಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಆ ಪ್ರಯಾಣವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಮಾತುಕತೆಯ ಹಿಂದೆ ಇದ್ದದ್ದರಲ್ಲಿ ಮೆಣಸಿನ ವ್ಯಾಪಾರವೂ ಒಂದು.

ಮಲಬಾರಿನಲ್ಲಿ ಒಂದು ಕಥೆ ಹೇಳುತ್ತಾರೆ. ಪರದೇಶಿಗಳು ಮೆಣಸಿನ ಬಳ್ಳಿಯನ್ನೇ ಕಿತ್ತು ಒಯ್ಯುತ್ತಿದ್ದಾರೆಂದು ಮಂತ್ರಿ ಗಾಬರಿಯಾದಾಗ, ಕಲ್ಲಿಕೋಟೆಯ ಸಾಮೂದಿರಿ ದೊರೆ ನಿಶ್ಚಿಂತನಾಗಿ, ಬಳ್ಳಿ ಒಯ್ಯಲಿ, ನಮ್ಮ ತಿರುವಾತಿರೆಯ ಮಳೆಯನ್ನು ಒಯ್ಯಲಾದೀತೆ ಎಂದನಂತೆ. ತಿರುವಾತಿರೆ ಎಂದರೆ ನಮ್ಮ ಆರಿದ್ರಾ ನಕ್ಷತ್ರ. ಕಥೆ ಕಥೆಯೇ ಇರಲಿ, ಅದರೊಳಗಿನ ಕೃಷಿಜ್ಞಾನ ಗಟ್ಟಿಯಾದದ್ದು. ಮುಂಗಾರಿನ ಹದವಾದ ಮಳೆ ಬಿದ್ದಾಗಲೇ ಮೆಣಸಿನ ಬಳ್ಳಿ ತೆನೆ ಬಿಡುತ್ತದೆ. ತೆನೆಯ ಪುಟ್ಟ ಹೂಗಳ ಪರಾಗಸ್ಪರ್ಶಕ್ಕೆ ಮಳೆಹನಿಯೂ ನೆರವಾಗುತ್ತದೆ. ಆ ಹೊತ್ತಿಗೆ ಮಳೆ ಕೈಕೊಟ್ಟರೆ ಆ ವರ್ಷ ಕಾಳು ಕಟ್ಟುವುದಿಲ್ಲ. ಸಿರಸಿ, ಸಾಗರ, ಕೊಡಗಿನ ಯಾವ ಬೆಳೆಗಾರನನ್ನು ಕೇಳಿದರೂ ಇದನ್ನು ಹೇಳುತ್ತಾನೆ.

ಕಾಯಿ ಬಂತು

ಮೆಣಸನ್ನು ಹುಡುಕಿ ಪೂರ್ವಕ್ಕೆ ಹೊರಟವರಲ್ಲಿ ಕೊಲಂಬಸ್ ಪಶ್ಚಿಮದ ದಾರಿ ಹಿಡಿದು ಅಮೆರಿಕ ಮುಟ್ಟಿದ. ಅಲ್ಲಿ ಮೆಣಸಿರಲಿಲ್ಲ. ಸಾವಿರಾರು ವರ್ಷಗಳಿಂದ ಅಲ್ಲಿನ ಜನ ಬೆಳೆದು ತಿನ್ನುತ್ತಿದ್ದ ಬೇರೊಂದು ಖಾರದ ಕಾಯಿ ಇತ್ತು. 1493ರಲ್ಲಿ ಅದು ಸ್ಪೇನಿಗೆ ಬಂತು. ಅಲ್ಲಿಂದ ಪೋರ್ಚುಗೀಸರ ಹಡಗುಗಳಲ್ಲಿ ಆಫ್ರಿಕ, ಭಾರತ, ಆಗ್ನೇಯ ಏಷ್ಯಾಗಳಿಗೆ ಹಬ್ಬಿತು. ಎಷ್ಟು ಬೇಗ ಹಬ್ಬಿತೆಂದರೆ, 1542ರಲ್ಲಿ ಜರ್ಮನಿಯ ಸಸ್ಯತಜ್ಞ ಲಿಯೊನಾರ್ಡ್ ಫುಕ್ಸ್ ತನ್ನ ದೊಡ್ಡ ಸಸ್ಯಗ್ರಂಥದಲ್ಲಿ ಅದನ್ನು ‘ಕಲ್ಲಿಕೋಟೆಯ ಮೆಣಸು’ ಎಂದು ಹೆಸರಿಸಿದ. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಅಮೆರಿಕದ ಕಾಯಿ ಯೂರೋಪಿನವರ ಕಣ್ಣಿಗೆ ಭಾರತದ್ದಾಗಿ ಕಾಣುತ್ತಿತ್ತು.

ಕರ್ನಾಟಕಕ್ಕೆ ಅದು ಯಾವ ದಾರಿಯಿಂದ ಬಂದಿರಬೇಕೆಂದು ತಿಳಿಯಲು ಗೋವೆಯನ್ನು ನೋಡಿದರೆ ಸಾಕು. ಮುಂಬಯಿಯ ಕಡೆ ಅದಕ್ಕೆ ಒಂದು ಕಾಲಕ್ಕೆ ಗೋವೆಯ ಮಿರ್ಚಿ ಎಂಬ ಹೆಸರಿತ್ತು. ಕೊಳ್ಳೇಗಾಲದಲ್ಲಿ ಹುಟ್ಟಿ ಭಾರತದ ಆಹಾರದ ಇತಿಹಾಸವನ್ನು ಅಧ್ಯಯನ ಮಾಡಿದ ಕೆ.ಟಿ. ಅಚ್ಚಯ್ಯ, ಪುರಂದರದಾಸರ ಹೆಸರಿನ ಒಂದು ಪದದಲ್ಲಿ ಹಸಿರಿನಿಂದ ಕೆಂಪಾಗುವ ಮೆಣಸಿನಕಾಯಿಯ ಪ್ರಸ್ತಾಪವಿರುವುದನ್ನು ಗುರುತಿಸಿದ್ದಾರೆ. ದಾಸರ ಕಾಲ 1484ರಿಂದ 1564. ಆ ಪದ ಅವರದ್ದೇ ಆಗಿದ್ದರೆ, ಕಾಯಿ ಬಂದ ಕೆಲವೇ ದಶಕಗಳಲ್ಲಿ ಅದು ಬಡವರ ತಟ್ಟೆಗೂ ಭಕ್ತರ ಹಾಡಿಗೂ ಇಳಿದಿತ್ತು ಎಂದಾಯಿತು.

ಹೊಸ ಕಾಯಿ ಗೆದ್ದದ್ದು ರುಚಿಯಿಂದ ಮಾತ್ರವಲ್ಲ. ಮೆಣಸಿನ ಬಳ್ಳಿಗೆ ನೆರಳು ಬೇಕು, ಹಬ್ಬಲು ಆಸರೆಯ ಮರ ಬೇಕು, ಭರ್ತಿ ಮಳೆ ಬೇಕು. ನೆಟ್ಟ ಮೇಲೆ ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು. ಹಾಗಾಗಿ ಬಯಲುಸೀಮೆಯವರಿಗೆ ಅದು ಯಾವಾಗಲೂ ಘಟ್ಟದಿಂದ ಕೊಂಡು ತರಬೇಕಾದ, ಕೈಬಿಗಿಹಿಡಿದು ಬಳಸಬೇಕಾದ ಸರಕು. ಮೆಣಸಿನಕಾಯಿಗೆ ಅಂಥ ಹಟವಿಲ್ಲ. ಎರೆಹೊಲದಲ್ಲಿ ಬರುತ್ತದೆ, ಕೆಮ್ಮಣ್ಣಿನಲ್ಲಿ ಬರುತ್ತದೆ, ಹಿತ್ತಿಲಿನ ಮೂಲೆಯಲ್ಲೂ ಬರುತ್ತದೆ. ಬಿತ್ತಿದ ಕೆಲವೇ ತಿಂಗಳಲ್ಲಿ ಕಾಯಿ ಬಿಡುತ್ತದೆ. ಹಸಿಯಾಗಿಯೂ ತಿನ್ನಬಹುದು, ಒಣಗಿಸಿ ವರ್ಷವಿಡೀ ಇಡಬಹುದು, ಬೀಜ ತೆಗೆದಿಟ್ಟು ಮರುವರ್ಷ ಬಿತ್ತಬಹುದು. ಖಾರವೆಂಬುದು ಮೊದಲ ಬಾರಿಗೆ ದುಡ್ಡಿಲ್ಲದವನ ಕೈಗೂ ಎಟುಕಿತು. ರೊಟ್ಟಿಗೆ ಕೆಂಪು ಖಾರ, ಮುದ್ದೆಗೆ ಬಸ್ಸಾರು, ಗಂಜಿಗೆ ಬಾಳಕದ ಮೆಣಸಿನಕಾಯಿ ನೆಂಚಿಕೊಂಡು ಹೊಟ್ಟೆ ತುಂಬಿಸಿಕೊಂಡ ಕೋಟ್ಯಂತರ ದುಡಿಯುವ ಜನರಿಗೆ ಅದು ಮಾಡಿದ ಉಪಕಾರ ಸಣ್ಣದಲ್ಲ.

ಹೆಸರಿಟ್ಟ ಬಗೆ

ಈಗ ಪದಕ್ಕೆ ಬರೋಣ. ಹೊಸದಾಗಿ ಬಂದ ವಸ್ತುವಿಗೆ ಹೆಸರಿಡಲು ಕನ್ನಡಿಗರಿಗೆ ಹಲವು ದಾರಿಗಳಿದ್ದವು. ವಸ್ತು ತಂದ ಹೆಸರನ್ನೇ ಉಳಿಸಿಕೊಳ್ಳುವುದು ಒಂದು. ಅಮೆರಿಕದ ಮೂಲನಿವಾಸಿಗಳ ಪದ ಪೋರ್ಚುಗೀಸರ ಬಾಯಿ ಹಾದು ನಮ್ಮಲ್ಲಿ ‘ಅನಾನಸು’ ಆಗಿ ಉಳಿದದ್ದು ಹೀಗೆ. ಇದು ಹೊರಗಿನದೆಂದು ಗುರುತು ಹಚ್ಚುವುದು ಇನ್ನೊಂದು. ಸೀಮೆಬದನೆ, ಸೀಮೆಸುಣ್ಣ, ಸೀಮೆಎಣ್ಣೆಗಳಲ್ಲಿ ‘ಸೀಮೆ’ ಮಾಡುವ ಕೆಲಸ ಅದು. ಅಮೆರಿಕದಿಂದಲೇ ಬಂದ ಪಪ್ಪಾಯಿಗೆ ನಮ್ಮಲ್ಲಿ ‘ಪರಂಗಿ ಹಣ್ಣು’ ಎಂಬ ಹೆಸರು ಇಂದಿಗೂ ಇದೆ. ಪರಂಗಿ ಎಂದರೆ ಫಿರಂಗಿ, ಯೂರೋಪಿನವನು.

ಮೆಣಸಿನಕಾಯಿಗೆ ಸೀಮೆಯ ಗುರುತೂ ಅಂಟಲಿಲ್ಲ, ಪರಂಗಿಯ ಗುರುತೂ ಅಂಟಲಿಲ್ಲ. ಅದನ್ನು ಕಚ್ಚಿ ನೋಡಿದ ನಾಲಿಗೆ ತನಗೆ ಗೊತ್ತಿದ್ದ ಖಾರವನ್ನು ಅದರಲ್ಲಿ ಗುರುತಿಸಿತು: ಮೆಣಸಿನಂತೆ ಉರಿಯುತ್ತದೆ, ಆದರೆ ಕಾಳಲ್ಲ, ಕಾಯಿ. ಹಾಗಾಗಿ ಮೆಣಸಿನ ಕಾಯಿ. ಈ ಪದದ ಕಟ್ಟಡವನ್ನು ಗಮನಿಸಬೇಕು. ಬೆಂಡೆಕಾಯಿ ಎಂದರೆ ಬೆಂಡೆಗಿಡದ ಕಾಯಿ, ನುಗ್ಗೆಕಾಯಿ ಎಂದರೆ ನುಗ್ಗೆಮರದ ಕಾಯಿ. ಆದರೆ ಮೆಣಸಿನಕಾಯಿ ಮೆಣಸಿನ ಬಳ್ಳಿಯ ಕಾಯಲ್ಲ. ಮೆಣಸಿನ ಕೆಲಸ ಮಾಡುವ ಕಾಯಿ. ಗಿಡದ ಸಂಬಂಧದಿಂದ ಬರಬೇಕಿದ್ದ ಹೆಸರು ಇಲ್ಲಿ ಗುಣದ ಸಂಬಂಧದಿಂದ ಬಂದಿದೆ. ಹೆಸರಿಟ್ಟವರು ಪಂಡಿತರಲ್ಲ, ಒಲೆಯ ಮುಂದೆ ಕೂತು, ಕೈಗೆ ಬಂದ ಹೊಸ ವಸ್ತುವನ್ನು ಹಳೆಯ ಅಡುಗೆಗೆ ಹೊಂದಿಸಿಕೊಂಡ ಹೆಣ್ಣುಮಕ್ಕಳು ಎಂದೇ ನನ್ನ ನಂಬಿಕೆ.

ನೆರೆಹೊರೆಯ ಭಾಷೆಗಳೂ ಹೀಗೇ ಮಾಡಿದವು. ತಮಿಳಿನಲ್ಲಿ ಮಿಳಗು ಇದ್ದದ್ದು ‘ಮಿಳಗಾಯ್’ ಆಯಿತು, ತೆಲುಗಿನಲ್ಲಿ ‘ಮಿರಪಕಾಯ’. ಕೊಂಕಣಿಯಲ್ಲಿ ಮಿರಿಗೆ ಸಾಂಗ್, ಅಂದರೆ ಕೋಡು, ಸೇರಿ ‘ಮಿರ್ಸಾಂಗ್’. ಬಂಗಾಳಿಗಳು ಮಾತ್ರ ಅದು ಲಂಕೆಯಿಂದ ಬಂತೆಂದು ತಿಳಿದು ‘ಲೊಂಕಾ’ ಎಂದರು. ದೂರದ ಸ್ಪೇನಿನವರಿಗೂ ಇದೇ ದಾರಿ ಹೊಳೆಯಿತು: ಕಾಳುಮೆಣಸು ‘ಪಿಮಿಯೆಂತಾ’, ಹೊಸ ಕಾಯಿ ‘ಪಿಮಿಯೆಂತೊ’. ಇಂಗ್ಲಿಷರು ಮೆಕ್ಸಿಕೊದ ನಹುವಾತ್ಲ್ ಭಾಷೆಯಿಂದ ‘ಚಿಲ್ಲಿ’ಯನ್ನು ಎರವಲು ತಂದರೂ ಅದರ ಹಿಂದೆ ಪೆಪ್ಪರ್ ಸೇರಿಸುವುದನ್ನು ಬಿಡಲಿಲ್ಲ.

ಹೆಸರು ಕೊಟ್ಟದ್ದು ವಿಶೇಷಣ ಹೊತ್ತಿತು

ಆಮೇಲಿನದ್ದು ಇನ್ನೂ ಕುತೂಹಲದ್ದು. ಬಂದ ಅತಿಥಿಯ ಬಳಕೆ ದಿನದಿನಕ್ಕೂ ಹೆಚ್ಚಿತು. ಸಾರು, ಹುಳಿ, ಪಲ್ಯ, ಚಟ್ನಿ, ಉಪ್ಪಿನಕಾಯಿ ಎಲ್ಲದರಲ್ಲೂ ಅದೇ. ದಿನಕ್ಕೆ ಹತ್ತು ಸಲ ಹೇಳುವ ಮಾತನ್ನು ನಾಲಿಗೆ ಚಿಕ್ಕದು ಮಾಡುತ್ತದೆ. ಕರಾವಳಿಯಲ್ಲಿ, ಮಲೆನಾಡಿನ ಹಲವೆಡೆ ‘ಕಾಯಿ’ ಉದುರಿ ಬರೀ ‘ಮೆಣಸು’ ಎಂದರೆ ಹೊಸದೇ ಎಂಬಂತಾಯಿತು. ಆಗ ಹಳೆಯ ಮೆಣಸನ್ನು ಬೇರೆಯಾಗಿ ಗುರುತಿಸಲು ಅದಕ್ಕೊಂದು ವಿಶೇಷಣ ಬೇಕಾಯಿತು. ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು, ಗೆಣಮೆಣಸು ಎಲ್ಲವೂ ಹೀಗೆ ಹುಟ್ಟಿದವು. ಮಲಯಾಳದಲ್ಲೂ ಹೀಗೇ: ಮುಳಗು ಎಂದರೆ ಈಗ ಮೆಣಸಿನಕಾಯಿ, ಕಾಳಿಗೆ ‘ಕುರುಮುಳಗು’, ‘ನಲ್ಲಮುಳಗು’. ಸಿಂಹಳದಲ್ಲಿ ‘ಮಿರಿಸ್’ ಎಂದರೆ ಮೆಣಸಿನಕಾಯಿ, ಕಾಳುಮೆಣಸು ‘ಗಮ್ಮಿರಿಸ್’. ಹಿಂದಿಯಲ್ಲಿ ಬರೀ ‘ಮಿರ್ಚ್’ ಎಂದರೆ ಕೆಂಪೋ ಹಸಿರೋ ಕಾಯಿ. ಕಾಳಿಗೆ ‘ಕಾಲಿ’ ಎಂಬ ಬಣ್ಣ ಬಳಿಯಲೇಬೇಕು.

ಈ ವಿಶೇಷಣಗಳಲ್ಲಿ ನನಗೆ ತುಂಬ ಅರ್ಥಪೂರ್ಣವಾಗಿ ಕಾಣುವುದು ‘ಒಳ್ಳೆ’. ಕನ್ನಡ, ತುಳು, ಮಲಯಾಳ ಮೂರೂ ಹಳೆಯ ಮೆಣಸನ್ನು ಒಳ್ಳೆಯದೆಂದು ಕರೆದಿವೆ: ಒಳ್ಳೆಮೆಣಸು, ಎಡ್ಡೆ ಮುಂಚಿ, ನಲ್ಲಮುಳಗು. ಮೂರೂ ಬಳ್ಳಿಯ ತವರಿನ ಭಾಷೆಗಳು. ದಿನದ ಬಳಕೆಯ ಹೆಸರನ್ನು ಹೊಸಬನಿಗೆ ಬಿಟ್ಟುಕೊಟ್ಟರೂ, ಮೊದಲಿನದರ ಮೇಲಿನ ಗೌರವವನ್ನು ಬಿಟ್ಟುಕೊಡಲಿಲ್ಲ. ಹೊಸಬನನ್ನು ಕೆಟ್ಟದ್ದೆಂದು ಕರೆಯಲೂ ಇಲ್ಲ. ಎರಡಕ್ಕೂ ಮನೆಯಲ್ಲಿ ಜಾಗ ಮಾಡಿದ ಈ ನಡೆ ಬಹಳ ದೊಡ್ಡದು.

ಹಳೆಯ ಮೈಸೂರಿನ ಕಡೆ ಪದ ಅಷ್ಟು ದೂರ ಸರಿಯಲಿಲ್ಲ. ಅಲ್ಲಿ ಮೆಣಸು ಮೆಣಸಾಗಿಯೇ ಉಳಿಯಿತು, ಕಾಯಿ ಮೆಣಸಿನಕಾಯಿಯಾಗಿ ಉಳಿಯಿತು. ‘ಮೆಣಸಿನ ಸಾರು’ ಎಂದರೆ ಅಲ್ಲಿ ಕಾಳುಮೆಣಸಿನ ಸಾರೇ. ಇದೇ ಅರ್ಥದ ತಮಿಳಿನ ‘ಮಿಳಗು ತಣ್ಣಿ’ ಬ್ರಿಟಿಷರ ಮೇಜಿನ ಮೇಲೆ ‘ಮುಲಿಗಟಾನಿ’ ಸೂಪಾಗಿ ಜಗತ್ತು ಸುತ್ತಿತು. ಕರಾವಳಿಯ ‘ಮೆಣಸ್ಕಾಯಿ’ಗೆ ಬಂದರೆ ಅದು ಕಾಯಿಯ ಹೆಸರೇ ಅಲ್ಲ, ಒಂದು ಪದಾರ್ಥದ ಹೆಸರು: ಅನಾನಸು, ಹಾಗಲಕಾಯಿ, ಮಾವಿನಹಣ್ಣಿಗೆ ಬೆಲ್ಲ, ಹುಳಿ, ಎಳ್ಳು, ಖಾರ ಸೇರಿಸಿದ ಗೊಜ್ಜಿನಂಥ ಮೇಲೋಗರ. ಅದರಲ್ಲೂ ಅನಾನಸಿನ ಮೆಣಸ್ಕಾಯಿ ಬಡಿಸಿದಾಗ ಅಮೆರಿಕದಿಂದ ಬಂದ ಎರಡು ಅತಿಥಿಗಳು ಒಂದೇ ಎಲೆಯಲ್ಲಿ ಕೂತಿರುತ್ತವೆ. ನಮಗದು ಅಪ್ಪಟ ಊರಿನ ಅಡುಗೆ.

‘ಖಾರ’ ಎಂಬ ಮಾತಿನದ್ದೂ ಒಂದು ಪಯಣವೇ. ಅದರ ಮೂಲ ಸಂಸ್ಕೃತದ ‘ಕ್ಷಾರ’: ಸುಡುವ, ಉಪ್ಪುಪ್ಪಾದ ಗುಣ. ಹಿಂದಿಯಲ್ಲಿ ಇಂದಿಗೂ ‘ಖಾರಾ’ ಎಂದರೆ ಉಪ್ಪು. ಕನ್ನಡದಲ್ಲಿ ಅದು ನಾಲಿಗೆ ಉರಿಸುವ ರುಚಿಗೆ ಮೀಸಲಾಯಿತು. ಉತ್ತರ ಕರ್ನಾಟಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೆಣಸಿನಕಾಯಿಯ ಪುಡಿಯೇ ‘ಖಾರ’. ಬೆಂಗಳೂರಿನ ಬೇಕರಿಯಲ್ಲಿ ಅದು ಸಿಹಿಯಲ್ಲದ ಕುರುಕಲು ತಿಂಡಿಯ ಒಟ್ಟು ಹೆಸರು.

ಹುಟ್ಟಿಗೂ ಸಾವಿಗೂ ಹಳೆಯ ಖಾರ

ಮೆಣಸಿನಕಾಯಿ ಅಡುಗೆಮನೆಯನ್ನು ಪೂರ್ತಿ ಗೆದ್ದಿತು ಎಂದುಕೊಳ್ಳುವ ಹೊತ್ತಿಗೆ ಕೆಲವು ಬಾಗಿಲುಗಳು ಅದಕ್ಕೆ ಮುಚ್ಚಿರುವುದು ಕಾಣುತ್ತದೆ. ಅನೇಕ ಬ್ರಾಹ್ಮಣ ಮನೆಗಳ ತಿಥಿಯ ಅಡುಗೆಯಲ್ಲಿ ಮೆಣಸಿನಕಾಯಿ ಹಾಕುವುದಿಲ್ಲ, ಖಾರಕ್ಕೆ ಕಾಳುಮೆಣಸೇ. ಟೊಮೆಟೊ, ಆಲೂಗಡ್ಡೆಗಳೂ ಅಂದು ಹೊರಗೆ. ಪುರಿಯ ಜಗನ್ನಾಥನ ಪ್ರಸಾದದಲ್ಲೂ ಇದೇ ಕಟ್ಟಳೆ. ಕಾರಣ ಕೇಳಿದರೆ ‘ಮೊದಲಿಂದ ಹಾಗೇ’ ಎಂಬ ಉತ್ತರ ಸಿಗುತ್ತದೆ, ಮತ್ತು ಆ ಉತ್ತರ ಅಕ್ಷರಶಃ ನಿಜ. ತೀರಿಹೋದ ಹಿರಿಯರಿಗೆ ಅವರು ಬಲ್ಲ ಊಟವನ್ನೇ ಬಡಿಸಬೇಕೆಂಬ ಭಾವನೆ ಒಂದು ಕಾಲದ ಅಡುಗೆಯನ್ನು ಹಾಗೇ ಕಾಪಾಡಿಕೊಂಡು ಬಂದಿದೆ. ಅಮೆರಿಕದ ತರಕಾರಿಗಳು ಬರುವ ಮುಂಚೆ ಈ ನಾಡಿನ ಊಟ ಹೇಗಿತ್ತೆಂದು ತಿಳಿಯಬೇಕಾದವರು ತಿಥಿಯ ಎಲೆಯನ್ನು ಗಮನಿಸಬೇಕು.

ಸಾವಿನ ಮನೆಯಲ್ಲಿ 16ನೇ ಶತಮಾನದ ಹಿಂದಿನ ಖಾರವಿದ್ದರೆ, ಹುಟ್ಟಿನ ಮನೆಯಲ್ಲೂ ಅದೇ. ಬಾಣಂತಿಗೆ ಮೊದಲ ದಿನಗಳಲ್ಲಿ ಕೊಡುವುದು ಮೆಣಸು, ಜೀರಿಗೆ, ಬೆಳ್ಳುಳ್ಳಿಯ ಸಾರು. ಮೆಣಸಿನಕಾಯಿಗೆ ಆಮೇಲೆ ಪ್ರವೇಶ. ಜ್ವರ ಬಿಟ್ಟವರಿಗೆ ಮೆಣಸಿನ ಸಾರು. ಧನುರ್ಮಾಸದ ಚಳಿಯಲ್ಲಿ ದೇವರಿಗೆ ನೈವೇದ್ಯ ಮಾಡುವ ಹುಗ್ಗಿಗೆ ಬೀಳುವುದು ಮೆಣಸು, ಜೀರಿಗೆ, ತುಪ್ಪ. ಹುಟ್ಟು, ಕಾಯಿಲೆ, ಪೂಜೆ, ಸಾವು ಎಂಬ ಘಟ್ಟಗಳಲ್ಲಿ ಮನೆ ತನ್ನ ಹಳೆಯ ಖಾರಕ್ಕೆ ಮರಳುತ್ತದೆ. ‘ಒಳ್ಳೆಮೆಣಸು’ ಎಂಬ ಹೆಸರಿನ ‘ಒಳ್ಳೆ’ಗೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಕಿಲ್ಲ.

ಹಾಗೆಂದು ಕಾಯಿಯನ್ನು ಹೊಸಿಲಾಚೆ ನಿಲ್ಲಿಸಿದ್ದೇವೆ ಎಂದಲ್ಲ. ಮಗುವಿಗೆ ದೃಷ್ಟಿ ತೆಗೆಯಲು ಉಪ್ಪು, ಸಾಸಿವೆಯ ಜೊತೆ ನಿವಾಳಿಸಿ ಕೆಂಡಕ್ಕೆ ಹಾಕುವುದು ಒಣಮೆಣಸಿನಕಾಯಿಯನ್ನೇ. ಘಾಟು ಬಾರದಿದ್ದರೆ ದೃಷ್ಟಿ ಜೋರಾಗಿ ತಾಗಿದೆ ಎಂದು ನಂಬುತ್ತಾರೆ. ಅಂಗಡಿಯ ಬಾಗಿಲಿಗೆ, ಹೊಸ ಗಾಡಿಗೆ ನಿಂಬೆಹಣ್ಣಿನ ಜೊತೆ ಕಟ್ಟುವುದೂ ಅದನ್ನೇ. ಎಲ್ಲಿಂದಲೋ ಬಂದದ್ದಕ್ಕೆ ನಮ್ಮ ಮಕ್ಕಳನ್ನು ಕಾಯುವ ಕೆಲಸ ವಹಿಸಿದ್ದೇವೆ. ಇದಕ್ಕಿಂತ ಹೆಚ್ಚಿನ ನಂಬಿಕೆಯನ್ನು ಯಾವ ಮನೆಯೂ ತೋರಿಸಲಾರದು.

ಎರಡಕ್ಕೂ ಈ ನೆಲವೇ

ಐನೂರು ವರ್ಷಗಳಲ್ಲಿ ಈ ನೆಲ ಮೆಣಸಿನಕಾಯಿಗೆ ತನ್ನದೇ ರೂಪಗಳನ್ನೂ ಕೊಟ್ಟಿದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಕಾಯಿ ಅದರಲ್ಲಿ ಮೊದಲ ಹೆಸರು. ಮೈತುಂಬ ಸುಕ್ಕು, ಕಡುಗೆಂಪು ಬಣ್ಣ, ಹದವಾದ ಖಾರ. ಉದ್ದನೆಯದು ಕಡ್ಡಿ, ಗಿಡ್ಡಗೆ ದಪ್ಪಗಿರುವುದು ಡಬ್ಬಿ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದರಿಂದ ತೆಗೆದ ಬಣ್ಣದ ಸಾರ ಆಹಾರೋದ್ಯಮಕ್ಕೂ ಸೌಂದರ್ಯವರ್ಧಕಗಳಿಗೂ ಹೋಗುತ್ತದೆ. ಮಲೆನಾಡಿನ ತೋಟಗಳಲ್ಲಿ ತಾನಾಗಿ ಹುಟ್ಟುವ ಪುಟ್ಟ ಸೂಜಿಮೆಣಸು, ಜೀರಿಗೆಮೆಣಸು ಇನ್ನೊಂದು ಬಗೆ. ಹಕ್ಕಿಗಳಿಗೆ ಕ್ಯಾಪ್ಸೈಸಿನ್ನಿನ ಉರಿ ತಾಗುವುದಿಲ್ಲ. ಅವು ಹಣ್ಣು ತಿಂದು ಬೀಜ ಹರಡುತ್ತವೆ. ನಮಗೆ ಆ ಉರಿ ತಾಗುವುದು ಬಿಸಿಯನ್ನು ಗ್ರಹಿಸುವ ನರಗಳಲ್ಲಿನ ಒಂದು ಗ್ರಾಹಕದ ಮೂಲಕ. ಆ ಗ್ರಾಹಕವನ್ನು ಕಂಡುಹಿಡಿದ ಕೆಲಸಕ್ಕಾಗಿ ವಿಜ್ಞಾನಿ ಡೇವಿಡ್ ಜೂಲಿಯಸ್ 2021ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಕಾಳುಮೆಣಸಿನ ಪೈಪರೀನ್ ಕೂಡ ಅದೇ ಗ್ರಾಹಕವನ್ನೇ ತಟ್ಟುತ್ತದೆ. ಸಸ್ಯಲೋಕದಲ್ಲಿ ನಂಟಿಲ್ಲದ ಎರಡಕ್ಕೆ ಒಂದೇ ಹೆಸರಿಟ್ಟ ನಮ್ಮ ಹಿರಿಯರ ನಾಲಿಗೆ ತಪ್ಪಿರಲಿಲ್ಲ.

ಕಾಳಿನ ವಿಷಯದಲ್ಲೂ ಕರ್ನಾಟಕ ಹಿಂದೆ ಬಿದ್ದಿಲ್ಲ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳ ಬಲದಿಂದ ಇತ್ತೀಚಿನ ವರ್ಷಗಳಲ್ಲಿ ದೇಶದಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆಯುವ ರಾಜ್ಯ ನಮ್ಮದು. ಬೆಳೆಗಾರರ ಬಾಯಲ್ಲಿ ಅದರದೇ ಪದಸಂಪತ್ತಿದೆ. ‘ಮಲ್ಲಿಗೆಸರ’, ‘ಉದ್ದಗರೆ’ ಎಂಬ ತಳಿಗಳ ಹೆಸರು ಕೇಳಿದರೇ ತೆನೆ ಕಣ್ಣಿಗೆ ಕಟ್ಟುತ್ತದೆ. ಹಸಿರು ಕಾಳನ್ನು ಬಿಸಿಲಿಗೆ ಒಣಗಿಸಿದರೆ ಸಿಪ್ಪೆ ಕಪ್ಪಾಗಿ ಕರಿಮೆಣಸು. ಹಣ್ಣಾದ ಕಾಳನ್ನು ನೆನೆಹಾಕಿ ಸಿಪ್ಪೆ ಕಳಚಿದರೆ ಬಿಳಿ ಮೆಣಸು. ಉತ್ತರ ಕನ್ನಡದವರಿಗೆ ಅದು ‘ಬೋಳುಕಾಳು’. ತೊಟ್ಟು ಬಾಲದಂತೆ ಉಳಿದಿರುವ ಬೇರೊಂದು ಜಾತಿಯ ಕಾಳು ‘ಬಾಲಮೆಣಸು’. ನೋಡಿದ್ದನ್ನು ನೋಡಿದಂತೆ ಹೇಳುವ, ಹೇಳಿದ ಕೂಡಲೇ ಅರ್ಥವಾಗುವ ಹೆಸರುಗಳಿವು.

ಈಗ ಅಂಗಡಿಯ ಪೊಟ್ಟಣಗಳ ಮೇಲೆ ‘ಪೆಪ್ಪರ್ ಪೌಡರ್’, ‘ಚಿಲ್ಲಿ ಪೌಡರ್’ ಎಂದೇ ಇರುತ್ತದೆ, ಕನ್ನಡ ಲಿಪಿಯಲ್ಲಿ ಬರೆದಾಗಲೂ. ಮನೆಯ ಮಾತಿಗೂ ಅದೇ ಬರುತ್ತಿದೆ. ಹೊರಗಿನ ಪದಗಳ ಮೇಲೆ ನನಗೆ ಹಗೆಯಿಲ್ಲ. ಕಡಲಾಚೆಯಿಂದ ಬಂದ ಕಾಯಿಯನ್ನು ಇಷ್ಟು ಪ್ರೀತಿಯಿಂದ ಒಳಗೆ ಕರೆದುಕೊಂಡ ಭಾಷೆಗೆ ಹಗೆ ಒಪ್ಪುವುದೂ ಇಲ್ಲ. ಆದರೆ ಅಂದು ನಾವು ವಸ್ತುವನ್ನು ತೆಗೆದುಕೊಂಡು ಹೆಸರು ಕೊಟ್ಟೆವು. ಇಂದು ನಮ್ಮಲ್ಲೇ ಬೆಳೆದ ವಸ್ತುವಿಗೆ ಹೊರಗಿನಿಂದ ಹೆಸರು ತೆಗೆದುಕೊಳ್ಳುತ್ತಿದ್ದೇವೆ. ಗೆಣಮೆಣಸು, ಒಳ್ಳೆಮೆಣಸು, ಬೋಳುಕಾಳು ಎಲ್ಲವೂ ಒಂದೇ ‘ಪೆಪ್ಪರ್’ ಆದಾಗ ಹೋಗುವುದು ಶಬ್ದ ಮಾತ್ರವಲ್ಲ. ಯಾವುದು ಮೊದಲಿನದು, ಯಾವುದು ಆಮೇಲೆ ಬಂದದ್ದು, ಯಾವುದು ಬಾಣಂತಿಗೆ, ಯಾವುದು ತಿಥಿಗೆ ಎಂಬ ತಿಳಿವಳಿಕೆಯೂ ಅದರ ಹಿಂದೆ ಹೋಗುತ್ತದೆ.

ಈ ಹೆಸರುಗಳನ್ನು ಉಳಿಸಿಕೊಳ್ಳಲು ದೊಡ್ಡ ಚಳವಳಿ ಬೇಕಿಲ್ಲ. ‘ಪದಾರ್ಥ ಚಿಂತಾಮಣಿ’ಯಂಥ ಕೃತಿಯ ಮೂಲಕ ಪಾ.ವೆಂ. ಆಚಾರ್ಯರು, ‘ಇಗೋ ಕನ್ನಡ’ದ ಮೂಲಕ ಜಿ. ವೆಂಕಟಸುಬ್ಬಯ್ಯನವರು ದಿನಬಳಕೆಯ ಮಾತಿನ ಬೆನ್ನು ಹತ್ತುವ ಆಸಕ್ತಿಯನ್ನು ಕನ್ನಡ ಓದುಗರಲ್ಲಿ ಬೆಳೆಸಿದ್ದಾರೆ. ಆ ಕೆಲಸವನ್ನು ಪ್ರತಿ ಮನೆಯೂ ಮುಂದುವರಿಸಬಹುದು. ಅಡುಗೆಯ ವಿಧಾನ ಬರೆದಿಡುವಾಗ ತಮ್ಮ ಊರಿನ ಹೆಸರನ್ನೇ ಬರೆಯಲಿ. ಮಸಾಲೆ ತಯಾರಿಸುವ ಮಹಿಳಾ ಸಂಘಗಳು, ಬೆಳೆಗಾರರ ಸಹಕಾರ ಸಂಘಗಳು ಪೊಟ್ಟಣದ ಮೇಲೆ ‘ಕಾಳುಮೆಣಸಿನ ಪುಡಿ’, ‘ಒಳ್ಳೆಮೆಣಸು’, ‘ಬೋಳುಕಾಳು’ ಎಂದು ಅಚ್ಚುಹಾಕಿಸಲಿ. ಬಡಿಸಿದ ಸಾರಿನಲ್ಲಿ ಏನಿದೆ ಎಂದು ಮಕ್ಕಳು ಕೇಳಿದಾಗ ಹಿರಿಯರು ತಮ್ಮ ಬಾಯಿಗೆ ಬರುವ ಹೆಸರನ್ನೇ ಹೇಳಲಿ, ಅದರ ಕಥೆಯನ್ನೂ ಹೇಳಲಿ. ಅರ್ಧ ಜಗತ್ತು ಸುತ್ತಿ ಬಂದ ಕಾಯಿಗೆ ತನ್ನ ಅಡುಗೆಮನೆಯಲ್ಲಿದ್ದ ಒಂದು ಮಾತಿನಿಂದಲೇ ಹೆಸರು ಕಟ್ಟಿದ ಭಾಷೆ ನಮ್ಮದು. ಆ ಶಕ್ತಿ ಕನ್ನಡದಲ್ಲಿ ಈಗಲೂ ಇದೆ. ಬಳಸುವವರು ಬಳಸಿದಷ್ಟು ಕಾಲ ಇರುತ್ತದೆ.